ಪಲ್ಲಡಂನವರೇ, ನೀವು ಮನುಷ್ಯರೇ?

ಕೆಲವು ವಾರಗಳ ಹಿಂದೆ ಇದೇ ಅಂಕಣದ ಕೊನೆಯಲ್ಲಿ ನಾನೊಂದು ಪ್ರಶ್ನೆ ಕೇಳಿದ್ದೆ. ನೆನಪಿದೆಯಾ?

“ಪಲ್ಲಡಂನಲ್ಲಿ ಕೂತು ಈ ಅಂಕಣ ಓದುತ್ತಿರುವವರೇ, ನೀವು ಮನುಷ್ಯರೇ? ಹೌದಾದರೆ ದಯವಿಟ್ಟು ಈ ಕೆಳಗಿನ ವಾಟ್ಸಾಪ್ ನಂಬರಿಗೆ ತಿಳಿಸಿ.”

ಬೈಗುಳ ಬಂದವು. “ಓದುಗರನ್ನು ಹೀಗಾ ಮಾತಾಡಿಸೋದು?” ಎಂದು ಶಿವಮೊಗ್ಗದ ನಿವೃತ್ತ ಮೇಷ್ಟರೊಬ್ಬರು ಉದ್ದನೆಯ ಮೇಲ್ ಹಾಕಿದರು. ಧಾರವಾಡದವರೊಬ್ಬರು, “ನಾನೂ ಮನುಷ್ಯನೇ. ನನ್ನನ್ಯಾಕೆ ಕೇಳಲಿಲ್ಲ?” ಎಂದು ಮುನಿಸಿಕೊಂಡರು. ನನ್ನ ಗಂಡ ಮಾತ್ರ ಏನೂ ಅನ್ನಲಿಲ್ಲ. ಅವರು ಈ ಅಂಕಣ ಓದುವುದಿಲ್ಲ. (ಹಾಗಂತ ಹೇಳುತ್ತಾರೆ. ನಾವಿರುವ ಕೊಯಮತ್ತೂರಿನಿಂದ ಪ್ರತಿ ವಾರ ಅಂಕಣ ತೆರೆಯುವ ಇನ್ನೊಂದು ಫೋನು ಯಾರದೆಂದು ನಾನು ಕೇಳಲು ಹೋಗಿಲ್ಲ.)

ಪ್ರಶ್ನೆ ತಮಾಷೆಯದಲ್ಲ. ಈ ಅಂಕಣ ಇರಬೇಕೋ ನಿಲ್ಲಬೇಕೋ ಎಂಬುದು ಅದರ ಉತ್ತರದ ಮೇಲೆ ನಿಂತಿತ್ತು.

ಮೊದಲಿನಿಂದ ಹೇಳುತ್ತೇನೆ.

ನಮ್ಮ ಈ ವೆಬ್ ಪತ್ರಿಕೆಯ ಸಂಪಾದಕರು ಸುಧೀಂದ್ರ. ಮೈಸೂರಿನಲ್ಲಿ ಕೂತು ಇಡೀ ಪತ್ರಿಕೆಯನ್ನು ಒಬ್ಬರೇ ನಡೆಸುತ್ತಾರೆ. ತುಂಬಾ ಒಳ್ಳೆಯವರು. ಒಂದು ಅಲ್ಪವಿರಾಮ ತೆಗೆಯಬೇಕಾದರೂ ಫೋನ್ ಮಾಡಿ ಕೇಳುವಷ್ಟು ಒಳ್ಳೆಯವರು. ಆದರೆ ಈಚೆಗೆ ಅವರಿಗೊಂದು ಹುಚ್ಚು ಹಿಡಿದಿದೆ. ಅನಲಿಟಿಕ್ಸ್.

ಅಂದರೆ, ವೆಬ್‌ಸೈಟಿಗೆ ಎಷ್ಟು ಜನ ಬಂದರು, ಯಾವ ಊರಿನಿಂದ ಬಂದರು, ಫೋನಿನಲ್ಲಿ ಬಂದರೋ ಕಂಪ್ಯೂಟರಿನಲ್ಲೋ, ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತರು, ಎಲ್ಲಿ ಬೇಜಾರಾಗಿ ಎದ್ದು ಹೋದರು, ಎಲ್ಲವನ್ನೂ ಲೆಕ್ಕ ಹಾಕಿ ಹೇಳುವ ಟೂಲ್. ಹಿಂದಿನ ಕಾಲದ ಬರಹಗಾರರು ಪುಣ್ಯವಂತರು. ಓದುಗ ಎರಡನೇ ಸಾಲಿಗೇ ಆಕಳಿಸಿ ಪುಟ ಮಗುಚಿದ್ದು ಅವರಿಗೆ ಗೊತ್ತಾಗುತ್ತಲೇ ಇರಲಿಲ್ಲ. ನನಗೆ ಗೊತ್ತಾಗುತ್ತದೆ. ಗ್ರಾಫ್ ಸಮೇತ.

ಸುಧೀಂದ್ರ ಒಂದು ದಿನ ಅಂಕಣಕಾರರಿಗೆಲ್ಲ ಆ ಟೂಲಿನ ಪಾಸ್‌ವರ್ಡ್ ಕೊಟ್ಟುಬಿಟ್ಟರು. “ನಿಮ್ಮ ನಿಮ್ಮ ಓದುಗರನ್ನ ನೀವೇ ನೋಡ್ಕೊಳ್ಳಿ. ಕಲಿಯೋದು ಬೇಕಾದಷ್ಟಿದೆ” ಅಂದರು.

ನಾನು ಕಲಿತದ್ದು ಒಂದೇ. ಅಡುಗೆಮನೆಯಲ್ಲಿ ನಿಂತು ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು “ಈ ಕ್ಷಣ ಓದುತ್ತಿರುವವರು: ಇಬ್ಬರು” ಎಂಬ ಸಾಲನ್ನು ದಿಟ್ಟಿಸುವುದು. ಇಬ್ಬರು ಮೂವರಾದರೆ ಮನೆಯಲ್ಲಿ ಹಬ್ಬ. ಮೂವರು ಸೊನ್ನೆಯಾದರೆ ಅವತ್ತಿನ ಪಲ್ಯಕ್ಕೆ ಉಪ್ಪಿಲ್ಲ. ಇದೊಂದು ಬದುಕೇ?

ನಾನು ಕೆಲಸ ಮಾಡುವುದು ಕೊಯಮತ್ತೂರಿನ ಸಿಂಗಾನಲ್ಲೂರಿನ ಹತ್ತಿರ, ನೀರೆತ್ತುವ ಪಂಪು ತಯಾರಿಸುವ ಒಂದು ಕಂಪನಿಯಲ್ಲಿ. ತಿಪಟೂರಿನಿಂದ ಬಂದು ಕೆಲವು ವರ್ಷವಾಯಿತು. ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲು ಮಲರ್‌ದು. ಕಂಪನಿಯ ವೆಬ್‌ಸೈಟ್ ನೋಡಿಕೊಳ್ಳುವುದು ಅವಳ ಕೆಲಸ. ಅನಲಿಟಿಕ್ಸ್ ಅವಳಿಗೆ ನೀರು ಕುಡಿದಷ್ಟು ಸುಲಭ. ನನ್ನ ಗ್ರಾಫನ್ನು ಅವಳಿಗೆ ತೋರಿಸಿದೆ. ಊರುಗಳ ಪಟ್ಟಿಯಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ದಾವಣಗೆರೆ. ಎಲ್ಲ ನಿರೀಕ್ಷೆಯಂತೆಯೇ. ಪಟ್ಟಿಯ ತಳದಲ್ಲಿ ಒಂದು ಹೆಸರು. ಪಲ್ಲಡಂ.

ಗೊತ್ತಿಲ್ಲದವರಿಗಾಗಿ ಹೇಳಿಬಿಡುತ್ತೇನೆ. ಕೊಯಮತ್ತೂರಿನಿಂದ ತಿರುಚಿ ರಸ್ತೆಯಲ್ಲಿ ಸೂಲೂರು ದಾಟಿ ಮುಂದೆ ಹೋದರೆ ಪಲ್ಲಡಂ. ತಿರುಪ್ಪೂರು ಜಿಲ್ಲೆ. ಮಗ್ಗಗಳು, ಕೋಳಿ ಫಾರಂಗಳು, ಬನಿಯನ್ ಕಂಪನಿಗಳು. ಅಲ್ಲಿ ನನಗೆ ಪರಿಚಯದವರು ಒಬ್ಬರೂ ಇಲ್ಲ. ಅಲ್ಲಿ ಕನ್ನಡ ಓದುವವರು ಯಾರು?

“ಅಕ್ಕಾ, ಇಲ್ಲಿ ನೋಡಿ” ಎಂದು ಮಲರ್ ತಮಿಳಿನಲ್ಲಿ ಅಂದಳು. “ಬೆಂಗಳೂರಿನವರು ನಿಮ್ಮ ಬರಹದ ಹತ್ತಿರ ಒಂದು ನಿಮಿಷ ಕೂಡ ನಿಲ್ಲಲ್ಲ. ಈ ಪಲ್ಲಡಂ ಫೋನು ಹತ್ತಿರ ಹತ್ತಿರ ಒಂದು ಗಂಟೆ ನಿಲ್ಲುತ್ತೆ!”

ನಿಜ. ಪ್ರತಿ ವಾರ ಮಧ್ಯಾಹ್ನದ ಹೊತ್ತಿಗೆ ಪಲ್ಲಡಂನ ಒಂದು ಫೋನು ನನ್ನ ಅಂಕಣ ತೆರೆಯುತ್ತದೆ. ನಿಧಾನವಾಗಿ ಕೊನೆಯವರೆಗೆ ಹೋಗುತ್ತದೆ. ಆಮೇಲೆ ಮತ್ತೆ ಮೇಲಕ್ಕೆ ಬಂದು ಇನ್ನೊಂದು ಸಲ ಕೊನೆಯವರೆಗೆ ಹೋಗುತ್ತದೆ. ನನ್ನ ಬರಹವನ್ನು ಎರಡೆರಡು ಸಲ! ನಾನೇ ಅಷ್ಟು ಸಲ ಓದುವುದಿಲ್ಲ. (ಸುಧೀಂದ್ರ ಅವರಿಗೆ ಇದು ಗೊತ್ತಿಲ್ಲ.)

ಅವತ್ತು ಸಂಜೆ ನಾನು ಗಾಳಿಯಲ್ಲಿ ತೇಲುತ್ತಾ ಮನೆಗೆ ಬಂದೆ. ಎಲ್ಲೋ ಒಬ್ಬ ಓದುಗ, ನನ್ನ ಒಂದೊಂದು ವಾಕ್ಯವನ್ನೂ ಚಪ್ಪರಿಸುತ್ತಿದ್ದಾನೆ. ಬಹುಶಃ ಒಬ್ಬ ಒಂಟಿ ಪ್ರೊಫೆಸರು. ಕನ್ನಡಕ. ಪುಸ್ತಕದ ರಾಶಿ. ಗಂಡನಿಗೆ ಹೇಳಿದೆ. ಅವರು “ಫೋನ್ ಆನ್ ಮಾಡಿಟ್ಟು ನಿದ್ದೆ ಹೋಗಿರ್ತಾನೆ” ಅಂದರು.

ಮರುವಾರ ಸುಧೀಂದ್ರ ಫೋನ್ ಮಾಡಿದರು. ಧ್ವನಿಯಲ್ಲೇ ಏನೋ ಎಡವಟ್ಟಿತ್ತು.

“ಶೈಲಜಾ ಅವರೇ, ಅಂಕಣಗಳು ಜಾಸ್ತಿ ಆಗಿವೆ. ಓದುಗರು ನಿಲ್ಲದ ಅಂಕಣಗಳನ್ನ ನಿಲ್ಲಿಸ್ತಾ ಇದ್ದೀನಿ.”

“ನನ್ನದು ಚೆನ್ನಾಗಿದೆಯಲ್ಲ ಸಾರ್? ಸರಾಸರಿ ನೋಡಿ.”

“ಅದೇ ತೊಂದರೆ. ಆ ಸರಾಸರೀನ ಎತ್ತಿ ಹಿಡಿದಿರೋದು ಪಲ್ಲಡಂ ಅನ್ನೋ ಒಂದೇ ಊರು. ಅದು ಮನುಷ್ಯ ಅಲ್ಲ ಅನ್ಸತ್ತೆ. ಬಾಟ್ ಇರಬೇಕು.”

“ಬಾಟ್ ಅಂದ್ರೆ?”

“ಯಂತ್ರ. ತನ್ನ ಪಾಡಿಗೆ ತಾನು ವೆಬ್‌ಸೈಟಿಂದ ವೆಬ್‌ಸೈಟಿಗೆ ತಿರುಗಾಡ್ತಾ ಇರೋ ಪ್ರೋಗ್ರಾಮು. ಮನುಷ್ಯರು ಯಾರಾದ್ರೂ ಒಂದು ಅಂಕಣನ ಒಂದು ಗಂಟೆ ಓದ್ತಾರಾ? ನೀವೇ ಹೇಳಿ.”

ಬೇಜಾರು ಮಾಡಿಕೊಂಡೇ ಅವರು ಮುಂದುವರಿಸಿದರು. “ಅದನ್ನ ಫಿಲ್ಟರ್ ಮಾಡಿ ತೆಗೆದರೆ ನಿಮ್ಮ ಸರಾಸರಿ ನೆಲಕ್ಕೆ ಬೀಳತ್ತೆ. ಒಂದು ತಿಂಗಳು ನೋಡೋಣ. ಹೆಡ್ಡಿಂಗ್ ಸ್ವಲ್ಪ ಆಕರ್ಷಕವಾಗಿ ಕೊಡಿ.”

ಅಂಕಣ ನಿಂತರೆ ಪ್ರಪಂಚವೇನೂ ಮುಳುಗುವುದಿಲ್ಲ. ಆದರೆ ದಿನವಿಡೀ ತಮಿಳು ಮತ್ತು ಇಂಗ್ಲಿಷಿನಲ್ಲಿ ಪಂಪು ಮಾರುವವಳಿಗೆ ವಾರಕ್ಕೊಮ್ಮೆ ಕನ್ನಡದಲ್ಲಿ ಹರಟುವ ಜಾಗ ಇದೊಂದೇ. ಅದನ್ನು ಕಿತ್ತುಕೊಂಡರೆ ಉಳಿಯುವುದು ಗಂಡ ಒಬ್ಬರೇ. ಅವರು ಪೇಪರಿನ ಹಿಂದೆ ಇರುತ್ತಾರೆ.

ಆಕರ್ಷಕ ಹೆಡ್ಡಿಂಗ್ ತಾನೇ? ಕೊಟ್ಟೆ. “ಈ ಒಂದು ವಿಷಯ ಗೊತ್ತಿಲ್ಲದೆ ಸಾಂಬಾರ್ ಮಾಡಲೇಬೇಡಿ!”

ಜನ ನುಗ್ಗಿ ಬಂದರು. ನಾನು ಹಿಂದೆಂದೂ ನೋಡದಷ್ಟು ಜನ. ಬಂದಷ್ಟೇ ಬೇಗ ಓಡಿಹೋದರು. ಯಾಕೆಂದರೆ ಆ ಬರಹದಲ್ಲಿ ಇಂಗಿನ ಬಗ್ಗೆ ಎರಡು ಸಾಲು ಬಿಟ್ಟರೆ ಮತ್ತೇನೂ ಇರಲಿಲ್ಲ. ಅದಕ್ಕಿಂತ ಹೊಟ್ಟೆ ಉರಿದದ್ದು ಬೇರೆ ಸಂಗತಿಗೆ. ಅವತ್ತು ಮಧ್ಯಾಹ್ನ ಪಲ್ಲಡಂ ಬಂತು. ಅರ್ಧದಲ್ಲೇ ಎದ್ದು ಹೋಯಿತು!

ಬಾಟ್‌ಗೆ ಬೇಜಾರಾಗುತ್ತದೆಯೇ?

ಮಲರ್‌ಳನ್ನು ಕೇಳಿದೆ. ಅವಳು ಟೀ ಲೋಟ ಕೆಳಗಿಟ್ಟು ಯೋಚಿಸಿದಳು. “ಬಾಟ್ ಸಾಮಾನ್ಯವಾಗಿ ಕಣ್ಣು ಮುಚ್ಚಿ ತೆರೆಯೋದರಲ್ಲಿ ಬಂದು ಹೋಗುತ್ತೆ ಅಕ್ಕಾ. ಹೀಗೆ ನಿಧಾನಕ್ಕೆ ಕೆಳಗಿಳಿಯಲ್ಲ. ಒಂದು ವಾರ ಕೊನೆವರೆಗೆ ಇರೋದು, ಇನ್ನೊಂದು ವಾರ ಅರ್ಧಕ್ಕೆ ಎದ್ದು ಹೋಗೋದು ಅಂತ ಅದಕ್ಕೆ ಇಲ್ಲ. ಯಾರು ಬಂದರು, ಏನು ಮಾಡಿದರು ಅಂತ ಈ ಟೂಲು ಹೇಳುತ್ತೆ. ಯಾಕೆ ಅಂತ ಹೇಳಲ್ಲ. ಹೆಸರೂ ಹೇಳಲ್ಲ. ನೀವೇ ಕೇಳಿಬಿಡಿ.”

“ಯಾರನ್ನ?”

“ಅವರನ್ನೇ. ಹೇಗೂ ಕೊನೆಯವರೆಗೆ ಓದ್ತಾರಲ್ಲ. ಕೊನೆಯಲ್ಲಿ ಕೇಳಿ.”

ಹಾಗೆ ಹುಟ್ಟಿದ ಪ್ರಶ್ನೆ ಅದು. ಸುಧೀಂದ್ರ ಅವರಿಗೆ ಹೇಳಿ, ಪತ್ರಿಕೆಯ ವಾಟ್ಸಾಪ್ ನಂಬರು ಹಾಕಿಸಿದೆ. ಕಾದೆ. ಮೇಷ್ಟರ ಬೈಗುಳ ಬಂತು, ಧಾರವಾಡದ ಮುನಿಸು ಬಂತು. ಪಲ್ಲಡಂ ಸುದ್ದಿಯಿಲ್ಲ. ಸರಿ, ಬಾಟೇ ಇರಬೇಕು ಎಂದು ನಾನೂ ಮನಸ್ಸಿನಲ್ಲೇ ಅಂಕಣಕ್ಕೆ ಹಾರ ಹಾಕಿಬಿಟ್ಟೆ.

ಎರಡು ದಿನ ಬಿಟ್ಟು ಸುಧೀಂದ್ರ ಒಂದು ವಾಯ್ಸ್ ಮೆಸೇಜ್ ಕಳಿಸಿದರು. ಮೇಲೊಂದು ಸಾಲು: “ಇದು ನಿಮಗೇ ಬಂದಿರೋದು. ಕೂತ್ಕೊಂಡು ಕೇಳಿ.”

ಹೆಂಗಸಿನ ಧ್ವನಿ, ತಮಿಳು ಬೆರೆತ ಕನ್ನಡ. ಹಿನ್ನೆಲೆಯಲ್ಲಿ ಕತ್ತರಿಗಳ ಕಚಕಚ. ಕೋಳಿಯೊಂದರ ಕೂಗು.

“ಅಕ್ಕಾ, ವಣಕ್ಕಂ. ನಾನು ಪಲ್ಲಡಂ ಪಕ್ಕದಿಂದ ತುಳಸಿಮಣಿ ಮಾತಾಡೋದು. ನೀವು ಕೇಳಿದ್ರಲ್ಲ, ಮನುಷ್ಯರಾ ಅಂತ. ಆಮಾ ಅಕ್ಕಾ, ನಾವು ಮನುಷ್ಯರುದಾ. ಎಲ್ಲಾ ಹೆಂಗಸರು. ನಮಗೆ ಕನ್ನಡ ಮಾತಾಡೋಕೆ ಬರ್ತದೆ, ಓದೋಕೆ ಬರಲ್ಲ. ಬರೆಯೋಕೂ ಬರಲ್ಲ. ಅದಕ್ಕುದಾ ಬಾಯಲ್ಲಿ ಹೇಳ್ತಾ ಇದ್ದೀನಿ. ತಪ್ಪಾ ತಿಳ್ಕೋಬೇಡಿ.”

ಅಷ್ಟರಲ್ಲಿ ಹಿಂದಿನಿಂದ ಒಂದು ಮುದಿ ಧ್ವನಿ. “ಮನೆಗೆ ಬರೋಕೆ ಹೇಳೇ ಅವಳಿಗೆ!”

ನಾನು ಮೂರು ಸಲ ಕೇಳಿದೆ. ಮೂರನೇ ಸಲ ಕಣ್ಣು ಒದ್ದೆಯಾಗಿ ನಗು ಬಂತು. ಮನುಷ್ಯರು! ಆದರೆ ಓದೋಕೆ ಬರಲ್ಲ ಅಂದರೆ? ಓದಲು ಬಾರದವರು ಒಂದು ಗಂಟೆ ನನ್ನ ಅಂಕಣದ ಮುಂದೆ ಕೂತು ಮಾಡುವುದೇನು?

ತುಳಸಿಮಣಿಗೆ ಫೋನ್ ಮಾಡಿದೆ. “ಬನ್ನಿ ಅಕ್ಕಾ, ಬಂದ್ರೆ ನಿಮಗೇ ಗೊತ್ತಾಗ್ತದೆ” ಎಂದು ನಕ್ಕಳು.

ಭಾನುವಾರ ಬೆಳಿಗ್ಗೆ ಸಿಂಗಾನಲ್ಲೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದೆ. ಕಿಟಕಿ ಸೀಟು ಸಿಕ್ಕಿತು. ಸೂಲೂರು ಬಂತು, ಹೋಯಿತು. ನನ್ನ ಒಂಟಿ ಪ್ರೊಫೆಸರು ಕನ್ನಡಕ ಸಮೇತ ಆ ರಸ್ತೆಯಲ್ಲೇ ಎಲ್ಲೋ ಇಳಿದು ಹೋದರು. ಪಲ್ಲಡಂ ಸ್ಟಾಪಿನಲ್ಲಿ ತುಳಸಿಮಣಿ ಸ್ಕೂಟರಿನ ಜೊತೆ ನಿಂತಿದ್ದಳು. ನಲವತ್ತರ ಆಸುಪಾಸು. ತಲೆತುಂಬ ಕನಕಾಂಬರ. “ಹತ್ತಿ ಅಕ್ಕಾ” ಅಂದವಳೇ, ನಾನು ಸರಿಯಾಗಿ ಕೂರುವ ಮೊದಲೇ ಹೊರಟಳು.

ಅವರ ಮನೆ ಊರಿನ ಅಂಚಿನಲ್ಲಿ. ಮುಂದೆ ಉದ್ದನೆಯ ಜಗಲಿ. ಜಗಲಿಯ ತುಂಬ ಟೀ ಶರ್ಟುಗಳ ಗುಡ್ಡ. ಹಳದಿ ಗುಡ್ಡ, ನೀಲಿ ಗುಡ್ಡ. ಅವುಗಳ ನಡುವೆ ಆರೇಳು ಹೆಂಗಸರು, ಎಲ್ಲರ ಕೈಯಲ್ಲೂ ಪುಟ್ಟ ಕತ್ತರಿ. ತಿರುಪ್ಪೂರಿನ ಕಂಪನಿಗಳಲ್ಲಿ ಹೊಲಿದ ಬಟ್ಟೆಗಳು ಕಟ್ಟುಕಟ್ಟಾಗಿ ಇಲ್ಲಿಗೆ ಬರುತ್ತವೆ. ಹೊಲಿಗೆಯ ಕೊನೆಯಲ್ಲಿ ನೇತಾಡುವ ದಾರದ ತುದಿಗಳನ್ನು ಇವರು ಕತ್ತರಿಸಿ ತೆಗೆಯುತ್ತಾರೆ. ಆ ದಾರದ ತುದಿಗೆ ಇಲ್ಲಿ ಪಿಸಿರು ಅನ್ನುತ್ತಾರೆ. ಕೈಗೆ ಕೆಲಸ, ಕಣ್ಣಿಗೆ ಕೆಲಸ. ಕಿವಿ ಖಾಲಿ.

ಆ ಖಾಲಿ ಕಿವಿಗೆ ನನ್ನ ಅಂಕಣ.

ಮಧ್ಯದಲ್ಲಿ ಕೂತಿದ್ದವರು ತುಳಸಿಮಣಿಯ ಅತ್ತೆ ನಂಜಮ್ಮಾಳ್. ವಾಯ್ಸ್ ಮೆಸೇಜಿನ ಮುದಿ ಧ್ವನಿ ಇವರದೇ. ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

“ನೀನಾ ಶೈಲಜಾ?”

“ಹೌದಮ್ಮ, ನಾನೇ.”

“ಇಲ್ಲ. ನಿನ್ನ ದನಿ ಇದಲ್ಲ.”

ಎಲ್ಲರೂ ಕತ್ತರಿ ನಿಲ್ಲಿಸಿದರು. ನನಗೆ ಗೊಂದಲ. ತುಳಸಿಮಣಿ ನಗುತ್ತಾ ತನ್ನ ಫೋನನ್ನು ನೀರಿನ ಚೊಂಬಿಗೆ ಒರಗಿಸಿಟ್ಟು, ನಮ್ಮ ಪತ್ರಿಕೆಯ ಪುಟ ತೆರೆದು, ಮೂಲೆಯಲ್ಲಿದ್ದ ಮೂರು ಚುಕ್ಕಿ ಒತ್ತಿ, “ಈ ಪುಟವನ್ನು ಕೇಳಿ” ಎಂಬ ತಮಿಳು ಸಾಲನ್ನು ಒತ್ತಿದಳು. ಫೋನು ಮಾತಾಡತೊಡಗಿತು. ಸ್ವಚ್ಛವಾದ, ಒಂದೇ ಸಮನೆಯ ಹೆಣ್ಣು ಧ್ವನಿ. ನನ್ನ ಹೆಸರು ಹೇಳಿತು. ಆಮೇಲೆ ನನ್ನ ಅಂಕಣ ಓದಿತು.

“ಇದುದಾ ಶೈಲಜಾ” ಅಂದರು ನಂಜಮ್ಮಾಳ್, ತೀರ್ಪು ಕೊಡುವವರಂತೆ. “ನಿನಗೆ ಶೀತವಾ ಕಣ್ಣು?” ಕಣ್ಣು ಅಂದರೆ ಇಲ್ಲಿ ಮಗಳೇ, ಚಿನ್ನ ಅಂದ ಹಾಗೆ.

ಸುಧೀಂದ್ರ ಹೇಳಿದ್ದು ಅರ್ಧ ಸರಿ, ನೋಡಿ. ಓದುತ್ತಿದ್ದದ್ದು ಯಂತ್ರವೇ! ಆದರೆ ಯಂತ್ರದ ಸುತ್ತ ಇಡೀ ಬೀದಿ ಕೂತಿತ್ತು. ಅದು ಗ್ರಾಫಿನಲ್ಲಿ ಬರಲಿಲ್ಲ.

ಅದು ಶುರುವಾದ ಕತೆಯನ್ನು ತುಳಸಿಮಣಿ ಹೇಳಿದಳು. ಕೊಳ್ಳೇಗಾಲಕ್ಕೆ ಮದುವೆಯಾಗಿ ಹೋಗಿರುವ ನಾದಿನಿ ಒಂದು ದಿನ ನನ್ನ ಅಂಕಣದ ಲಿಂಕ್ ಕಳಿಸಿದ್ದಳಂತೆ. ತೆರೆದರೆ ಬರೀ ದುಂಡು ದುಂಡು ಅಕ್ಷರ. ಏನೂ ತಿಳಿಯಲಿಲ್ಲ. ಸುಮ್ಮನೆ ಅಲ್ಲಿ ಇಲ್ಲಿ ಒತ್ತಿದ್ದಾಳೆ. ಫೋನು ಇದ್ದಕ್ಕಿದ್ದಂತೆ ಕನ್ನಡ ಮಾತಾಡಿಬಿಟ್ಟಿದೆ.

ನಂಜಮ್ಮಾಳ್ ಮಾತು ಎತ್ತಿಕೊಂಡರು. “ನಮ್ಮ ಮುತ್ತಜ್ಜಂದಿರು ಕನ್ನಡ ಸೀಮೆಯಿಂದ ಬಂದೋರು, ನಮ್ಮ ಮಾತು ಈ ಹೊಸಿಲು ದಾಟಲ್ಲ ಕಣ್ಣು. ಇಸ್ಕೂಲು ತಮಿಳು, ಬಸ್ಸು ತಮಿಳು, ಸಂತೆ ತಮಿಳು. ದೇವರ ಹತ್ರ ಕೇಳ್ಕೊಳ್ಳೋದೂ ತಮಿಳುದಾ. ಮನೆ ಒಳಗೆ ಮಾತ್ರ ಇದು. ಅವತ್ತು ಯಾರೋ ಹೊರಗಿನವಳು ನಮ್ಮ ಮಾತು ಆಡಿದಂಗೆ ಆಯ್ತು. ನಾನು ಕತ್ತರಿ ಕೆಳಗಿಟ್ಟೆ.”

ಅವರು ಅದನ್ನು ದುಃಖದಿಂದ ಹೇಳಲಿಲ್ಲ. ನಗುತ್ತಲೇ ಹೇಳಿದರು. ನಾನು ಪಕ್ಕದಲ್ಲಿದ್ದ ಒಂದು ಹಳದಿ ಟೀ ಶರ್ಟು ಎತ್ತಿಕೊಂಡು ದಾರದ ತುದಿ ಹುಡುಕತೊಡಗಿದೆ.

“ಎರಡು ಸಲ ಯಾಕೆ ಕೇಳ್ತೀರಿ?” ಅಂದೆ, ಮಾತು ಬದಲಾಯಿಸಲು.

“ಮೊದಲನೇ ಸಲ ಅರ್ಥ ಆಗೋಕೆ” ಅಂದಳು ತುಳಸಿಮಣಿ. “ಎರಡನೇ ಸಲ ಜಗಳ ಆಡೋಕೆ.”

ಜಗಳ ಅಂದರೆ ನಿಜವಾದ ಜಗಳ. ಮನೆಗೆ ನೆಂಟರು ಬಂದಾಗ ನನ್ನ ಗಂಡ ಸೋಫಾದಿಂದ ಏಳದೆ “ನೀರು ಕೊಡೇ” ಅಂದದ್ದನ್ನು ಹಿಂದೊಮ್ಮೆ ಬರೆದಿದ್ದೆ. ಆ ವಾರ ಜಗಲಿ ಎರಡು ಪಕ್ಷವಾಯಿತಂತೆ. ಅರ್ಧ ಜನ ನನ್ನ ಕಡೆ. ಇನ್ನರ್ಧ, “ಪಾಪ, ಆ ಮನುಷ್ಯ ಕೆಲಸದಿಂದ ಬಂದಿರ್ತಾನೆ” ಎಂದು ನನ್ನ ಗಂಡನ ಕಡೆ. ನಂಜಮ್ಮಾಳ್ ಗಂಡನ ಪಕ್ಷದ ನಾಯಕಿ. ನನ್ನವರಿಗೆ ಪಲ್ಲಡಂನಲ್ಲಿ ಅಭಿಮಾನಿಗಳಿದ್ದಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

“ಸಾಂಬಾರಿನ ವಾರ ಯಾಕೆ ಅರ್ಧಕ್ಕೆ ಬಿಟ್ರಿ?” ಎಂದು ಮೆಲ್ಲಗೆ ಕೇಳಿದೆ.

ತುಳಸಿಮಣಿ ಮುಖ ಸಣ್ಣದು ಮಾಡಿದಳು. “ಅದು ನೀವು ಬರೆದದ್ದಲ್ಲ ಅಲ್ವಾ ಅಕ್ಕಾ? ಬೇರೆ ಯಾರೋ ಬರೆದು ನಿಮ್ಮ ಹೆಸರು ಹಾಕವ್ರೆ ಅಂತ ನಾವು ಬೈಕೊಂಡ್ವಿ.”

ನಾನೇ ಬರೆದದ್ದು ಎಂದು ನೀವಾದರೆ ಹೇಳುತ್ತಿದ್ದಿರಾ?

ಆಮೇಲೆ ಒಂದು ದೂರು ಬಂತು. ನನ್ನ ಬ್ರ್ಯಾಕೆಟ್ಟುಗಳದ್ದು. ಆ ಯಂತ್ರ ಅದನ್ನೂ ಬಿಡದೆ ಓದುತ್ತದಂತೆ. “ಬ್ರ್ಯಾಕೆಟ್ ಶುರು” ಅನ್ನುತ್ತದೆ, ನನ್ನ ಜೋಕು ಹೇಳುತ್ತದೆ, “ಬ್ರ್ಯಾಕೆಟ್ ಮುಗಿಯಿತು” ಅನ್ನುತ್ತದೆ. “ಜೋಕು ಮುಗಿದ ಮೇಲೆ ಮುಗೀತು ಅಂತ ಯಾಕೆ ಹೇಳ್ತೀಯಾ?” ಎಂದು ನಂಜಮ್ಮಾಳ್ ಕೇಳಿದರು. ಗಮನಿಸಿ, ಇಲ್ಲಿಂದ ಮುಂದೆ ಈ ಬರಹದಲ್ಲಿ ಬ್ರ್ಯಾಕೆಟ್ ಇಲ್ಲ.

ನಾನು ಹಾಕಿದ್ದ ವಾಟ್ಸಾಪ್ ನಂಬರಂತೂ ದೊಡ್ಡ ಗಲಾಟೆಯೇ ಎಬ್ಬಿಸಿತ್ತು. ಯಂತ್ರ ಅದನ್ನು ಬಿಡಿ ಬಿಡಿಯಾಗಿ ಓದಲಿಲ್ಲ. ಇಷ್ಟು ನೂರು ಕೋಟಿ, ಇಷ್ಟು ಲಕ್ಷ, ಇಷ್ಟು ಸಾವಿರ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿತು. ಏನೆಂದು ತಿಳಿಯದೆ ಎರಡು ದಿನ ಕಳೆದರು. ಕೊನೆಗೆ ಅಂಕಿ ಓದಲು ಯಾವ ಭಾಷೆಯೂ ಬೇಡ ಎಂದು ತುಳಸಿಮಣಿಗೆ ಹೊಳೆದು, ಪರದೆ ನೋಡಿ ನಂಬರು ಒತ್ತಿದಳು. ತಡವಾದದ್ದಕ್ಕೆ ಕಾರಣ ಅದು.

ಅಷ್ಟು ಹೊತ್ತು ಸುಮ್ಮನಿದ್ದ ಪಕ್ಕದ ಮನೆಯ ರುಕ್ಮಿಣಿ ಈಗ ಬಾಯಿಬಿಟ್ಟಳು. “ಅಕ್ಕಾ, ನಾವು ಪಲ್ಲಡಂ ಅಂತ ನಿಮಗೆ ಹೆಂಗೆ ಗೊತ್ತಾಯ್ತು? ನೀವು ನಮ್ಮನ್ನ ನೋಡ್ತಾ ಇದ್ರಾ?”

ಕತ್ತರಿಗಳು ಮತ್ತೆ ನಿಂತವು. ಎಲ್ಲರ ಕಣ್ಣೂ ನನ್ನ ಮೇಲೆ. ಇದು ನಗುವ ಪ್ರಶ್ನೆಯಲ್ಲ ಎಂದು ನನಗೂ ಗೊತ್ತಾಯಿತು. ನನ್ನ ಫೋನಿನಲ್ಲಿ ಆ ಟೂಲು ತೆರೆದು ತೋರಿಸಿದೆ. “ಇಷ್ಟೇ ಕಾಣೋದು. ಊರಿನ ಹೆಸರು, ಎಷ್ಟು ಹೊತ್ತು, ಯಾವ ಥರದ ಫೋನು. ಹೆಸರು ಕಾಣಲ್ಲ, ಮುಖ ಕಾಣಲ್ಲ, ಮಾತು ಕೇಳಿಸಲ್ಲ. ಊರಿನ ಹೆಸರು ಕೂಡ ಒಂದೊಂದು ಸಲ ತಪ್ಪು ಬರತ್ತೆ.”

“ಮುಖ ಕಾಣಲ್ವಾ?” ಅಂದರು ನಂಜಮ್ಮಾಳ್.

“ಇಲ್ಲಮ್ಮ.”

“ಹಂಗಾದ್ರೆ ನೀನು ಕೇಳಿದ ದಿನದಿಂದ ನಾನು ತಲೆ ಬಾಚ್ಕೊಂಡು, ಒಳ್ಳೇ ಸೀರೆ ಉಟ್ಕೊಂಡು ಕೂತಿದ್ದು ವೇಸ್ಟಾ!”

ಜಗಲಿ ನಕ್ಕ ನಗುವಿಗೆ ಅಂಗಳದ ಕೋಳಿ ಹೆದರಿ ಓಡಿತು.

ಊಟದ ಹೊತ್ತಾಯಿತು. ನಂಜಮ್ಮಾಳ್ ನನ್ನ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು. ಇಲ್ಲಿಯವರ ಅಕ್ಕಿ ಬೇಳೆ ಅನ್ನವನ್ನು ನಾನು ಮಾಡಲು ಹೋಗಿ ಅದು ಅಂಟಾದ ಕತೆಯನ್ನು ಬಹಳ ಹಿಂದೆ ಬರೆದಿದ್ದೆ. ನಾನದನ್ನು ಮರೆತಿದ್ದೆ. ಅವರು ಮರೆತಿರಲಿಲ್ಲ. “ಸಾಂಬಾರ್ ಪುಡಿ ಹಾಕ್ದೆ ಅಂತ ಹೇಳಿದ್ಯಲ್ಲ, ಅವತ್ತಿಂದ ನನಗೆ ಮನಸ್ಸೇ ಸರಿ ಇಲ್ಲ” ಎಂದು ಒಲೆ ಹಚ್ಚಿದರು. ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಒಣಮೆಣಸು. ತುಪ್ಪ ಬಿಟ್ಟು ಬಡಿಸಿದರು. ನಾನು ಎರಡು ಸಲ ಹಾಕಿಸಿಕೊಂಡೆ. ಕೈ ತೊಳೆಯುವಾಗ ಮಾತ್ರ ನಾನೂ ಬಿಡಲಿಲ್ಲ. “ನಮ್ಮ ತಿಪಟೂರು ಕಡೆ ಇದಕ್ಕೆ ಕೊಬ್ಬರಿ ತುರಿದು ಹಾಕಿದ್ರೆ ಇನ್ನೂ ಚೆನ್ನಾಗಿರತ್ತೆ ಅಂತಾರೆ” ಅಂದೆ. “ಹಾಕಿ ನೋಡ್ತೀನಿ. ಚೆನ್ನಾಗಿಲ್ದಿದ್ರೆ ಫೋನ್ ಮಾಡಿ ಬೈತೀನಿ” ಅಂದರು.

ಊಟದ ನಂತರ ಸುಧೀಂದ್ರ ಅವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

“ಸಾರ್, ರಿಯಲ್ ಟೈಮ್ ತೆರೆದು ನೋಡಿ. ಪಲ್ಲಡಂ ಕಾಣ್ತಾ ಇದೆಯಾ?”

ತುಳಸಿಮಣಿ ಪುಟ ತೆರೆದಳು. ಮೈಸೂರಿನಲ್ಲಿ ಕೀಲಿಮಣೆ ಟಪಟಪ ಅಂದದ್ದು ಕೇಳಿಸಿತು.

“ಕಾಣ್ತಾ ಇದೆ. ಪಲ್ಲಡಂ, ಒಂದು.”

“ಒಂದಲ್ಲ ಸಾರ್. ಎಲ್ಲರೂ ಒಂದು ಸಲ ನಮಸ್ಕಾರ ಹೇಳಿ.”

ಜಗಲಿ ಒಟ್ಟಿಗೆ ಕೂಗಿತು. ನಂಜಮ್ಮಾಳ್ ಫೋನಿಗೆ ಬಾಯಿ ಹತ್ತಿರ ತಂದರು. “ಏನಪ್ಪಾ, ನಮ್ಮನ್ನ ಮನುಷ್ಯರಲ್ಲ ಅಂದ್ಯಂತೆ?”

“ಅಯ್ಯೋ ಅಮ್ಮಾ, ತಪ್ಪಾಯ್ತು!” ಸುಧೀಂದ್ರ ನಗುತ್ತಿದ್ದರೋ ತಡವರಿಸುತ್ತಿದ್ದರೋ ಗೊತ್ತಾಗಲಿಲ್ಲ. ಎರಡೂ ಇರಬೇಕು. ಒಬ್ಬೊಬ್ಬರ ಹೆಸರನ್ನೂ ಕೇಳಿದರು. ಅಷ್ಟು ದಿನ ಸಂಖ್ಯೆ ನೋಡುತ್ತಿದ್ದ ಮನುಷ್ಯ, ಅವತ್ತು ಹೆಸರು ಕೇಳಿದ ಖುಷಿಗೆ ಒಂದೊಂದನ್ನೂ ಎರಡೆರಡು ಸಲ ಹೇಳಿಕೊಂಡರು. ಆಮೇಲೆ ಸಂಪಾದಕ ಬುದ್ಧಿ ಎಲ್ಲಿ ಬಿಡುತ್ತದೆ? “ನಮ್ಮ ಪತ್ರಿಕೆಯಲ್ಲಿ ಬೇರೆ ಏನಾದ್ರೂ ಕೇಳ್ತೀರಾ ಅಮ್ಮಾ?” ಅಂದರು.

“ಕತೆ ಬಂದ್ರೆ ಕೇಳ್ತೀವಿ. ಒಬ್ಬ ಗಂಡಸು ರಾಜಕೀಯ ಬರೀತಾನಲ್ಲ, ಅದು ಬೇಡ.”

“ಅದನ್ನೂ ಕೇಳಿದ್ರಾ?”

“ಎರಡೇ ನಿಮಿಷ. ನಿದ್ದೆ ಬಂತು.”

ಮತ್ತೆ ಕೀಲಿಮಣೆಯ ಶಬ್ದ. “ಹೌದು” ಅಂದರು ಸುಧೀಂದ್ರ, ಸಣ್ಣ ಧ್ವನಿಯಲ್ಲಿ. “ಪಲ್ಲಡಂ, ಎರಡು ನಿಮಿಷ. ಸರಿಯಾಗಿದೆ.”

ಆ ರಾಜಕೀಯ ಅಂಕಣ ಬರೆಯುವವರು ಸುಧೀಂದ್ರ ಅವರೇ ಎಂದು ನಾನು ಜಗಲಿಗೆ ಹೇಳಿದ್ದು ಫೋನ್ ಕಟ್ಟಾದ ಮೇಲೆ. ನಂಜಮ್ಮಾಳ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಅಯ್ಯೋ, ಪಾಪ. ಮುಂದಿನ ವಾರ ಪೂರ್ತಿ ಕೇಳೋಣ ಬಿಡ್ರೇ” ಅಂದರು. ಯಾರೂ ಒಪ್ಪಲಿಲ್ಲ.

ಅಂಕಣ ಉಳಿಯಿತು ಎಂದು ನಿಮಗೆ ಬೇರೆ ಹೇಳಬೇಕಿಲ್ಲ, ಓದುತ್ತಿದ್ದೀರಲ್ಲ. ಸುಧೀಂದ್ರ ಪಲ್ಲಡಂ ಅನ್ನು ಫಿಲ್ಟರ್ ಮಾಡುವ ಯೋಚನೆ ಬಿಟ್ಟರು. ಬೇರೆ ಅಂಕಣಗಳನ್ನು ನಿಲ್ಲಿಸುವ ಮೊದಲೂ ಆ ಅಂಕಣಕಾರರಿಗೆ “ನಿಮ್ಮ ಓದುಗರನ್ನ ಒಂದು ಸಲ ಕೇಳಿ ನೋಡಿ” ಎನ್ನುತ್ತಿದ್ದಾರೆ. ರಾಜಕೀಯದ ಅಂಕಣ ಅರ್ಧಕ್ಕಿಳಿದಿದೆ. ಚೆನ್ನಾಗಿದೆ, ಓದಿ.

ಆ ಟೂಲಿನ ಮೇಲೆ ನನಗೇನೂ ಸಿಟ್ಟಿಲ್ಲ. ಅದು ಸುಳ್ಳು ಹೇಳಿರಲಿಲ್ಲ. ಯಾರೋ ಬರುತ್ತಿದ್ದಾರೆ, ಕೊನೆಯವರೆಗೆ ಇರುತ್ತಿದ್ದಾರೆ, ಒಂದು ವಾರ ಬೇಜಾರಾಗಿ ಎದ್ದು ಹೋದರು ಎಂದು ನಿಜವನ್ನೇ ಹೇಳಿತ್ತು. ಅದಿಲ್ಲದಿದ್ದರೆ ಪಲ್ಲಡಂ ಎಂಬ ಹೆಸರೇ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಉಳಿದದ್ದನ್ನು ತುಂಬಿಕೊಂಡದ್ದು ನಾವು. ನಾನು ಅಲ್ಲೊಬ್ಬ ಪ್ರೊಫೆಸರನ್ನು ಕೂರಿಸಿದೆ, ಸುಧೀಂದ್ರ ಒಂದು ಬಾಟ್ ಕೂರಿಸಿದರು, ನನ್ನ ಗಂಡ ನಿದ್ದೆಗಣ್ಣಿನವನೊಬ್ಬನನ್ನು ಮಲಗಿಸಿದರು. ಕತ್ತರಿ ಹಿಡಿದ ಹೆಂಗಸರು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಾವೆಲ್ಲ ದಿನಾ ಮಾಡುವುದು ಇದನ್ನೇ ಅಲ್ಲವೇ? ಸ್ಟೇಟಸ್ ನೋಡಿದವರ ಪಟ್ಟಿ ನೋಡುತ್ತೇವೆ. ನೀಲಿ ಟಿಕ್ ಬಂದೂ ಉತ್ತರ ಬರದಿದ್ದರೆ ಅಹಂಕಾರ ಎಂದುಕೊಳ್ಳುತ್ತೇವೆ. ಹುಟ್ಟುಹಬ್ಬಕ್ಕೆ ಹಾರೈಸದ ನಾದಿನಿಯ ಮೇಲೆ ವರ್ಷಗಟ್ಟಲೆ ಮುನಿಸಿಕೊಳ್ಳುತ್ತೇವೆ. ಒಂದು ಫೋನ್ ಮಾಡಿ ಕೇಳಿದರೆ ಮುಗಿಯುತ್ತದೆ. ಕೇಳುವುದಿಲ್ಲ.

ಅವತ್ತು ಸಂಜೆ ಬಸ್ಸು ಹತ್ತಿಸಲು ಇಡೀ ಜಗಲಿಯೇ ಬೀದಿಯ ತುದಿಯವರೆಗೆ ಬಂತು. ಮೈತುಂಬ ಹಳದಿ ನೀಲಿ ದಾರದ ತುಂಡುಗಳು, ಅವರಿಗೂ ನನಗೂ. ಕೈಯಲ್ಲಿ ಒಂದು ಚೀಲ ಸಣ್ಣ ಈರುಳ್ಳಿ. ಮನೆಗೆ ಬಂದಾಗ ಗಂಡ ಬಾಗಿಲು ತೆಗೆದು, “ಮನುಷ್ಯರೇನಾ?” ಅಂದರು. ಅಂಕಣ ಓದುವುದಿಲ್ಲ ಅನ್ನುವವರು!

ಅದಿರಲಿ. ಈ ಕ್ಷಣ ನಿಮ್ಮ ಫೋನನ್ನು ನನ್ನ ಗ್ರಾಫು ಒಂದು ಎಂದು ಎಣಿಸಿ ಮುಂದೆ ಹೋಗಿದೆ. ನಿಜ ಹೇಳಿ, ಅಲ್ಲಿ ಎಷ್ಟು ಜನ ಕೂತಿದ್ದೀರಿ?